ಶಾಲೆಗೆ ಸರ್ಕಾರದ ಅನುದಾನ: ಅಧಿಕಾರವೆಷ್ಟು, ಎಲ್ಲೆಯೆಲ್ಲಿ?

ನಿಮ್ಮ ಮನೆಯ ಮಗುವೋ ಮೊಮ್ಮಗುವೋ ಹೋಗುವ ಶಾಲೆಯ ಹಲಗೆಯನ್ನು ಒಂದು ಸಲ ನಿಧಾನವಾಗಿ ಓದಿದ್ದೀರಾ? ದೊಡ್ಡ ಅಕ್ಷರದಲ್ಲಿ ಶಾಲೆಯ ಹೆಸರು, ಅದರ ಮೇಲೆ ನಡೆಸುವ ಸಂಸ್ಥೆಯ ಹೆಸರು ಇರುತ್ತದೆ. ಕೆಲವು ಕಡೆ ಮೂಲೆಯಲ್ಲಿ ಸಣ್ಣದಾಗಿ ‘ಅನುದಾನಿತ’ ಎಂಬ ಮಾತೂ ಇರುತ್ತದೆ. ಆ ಒಂದು ಮಾತಿನಿಂದ ಯಾರಿಗೆ ಯಾವ ಅಧಿಕಾರ ಬಂತು, ಯಾರ ಅಧಿಕಾರ ಎಲ್ಲಿಗೆ ನಿಂತಿತು ಎಂಬುದೇ ಈ ಹೊತ್ತಿನ ವಿಷಯ. ವಿಷಯವೇನೋ ಕಾನೂನಿನದು, ಆದರೆ ಕಾನೂನಿನ ಪುಸ್ತಕದ ಭಾಷೆಯಲ್ಲಿ ಹೇಳಿ ನಿಮ್ಮನ್ನು ದಣಿಸುವುದಿಲ್ಲ.

ಮೈಸೂರಿನಲ್ಲಿ, ಬೇರೆ ಊರುಗಳಲ್ಲಿರುವಂತೆಯೇ, ಶಾಲೆಗಳು ಮೂರು ಬಗೆ. ಸರ್ಕಾರವೇ ಕಟ್ಟಿ ಸರ್ಕಾರವೇ ನಡೆಸುವುದು ಒಂದು. ಖಾಸಗಿಯವರು ಕಟ್ಟಿ, ಮಕ್ಕಳ ಶುಲ್ಕದಿಂದ ನಡೆಸುವುದು ಇನ್ನೊಂದು. ಇವೆರಡರ ನಡುವೆ ಒಂದು ಬಗೆಯುಂಟು: ಕಟ್ಟಡ ಸಂಸ್ಥೆಯದು, ಆಡಳಿತ ಸಂಸ್ಥೆಯದು, ಉಪಾಧ್ಯಾಯರನ್ನು ಆರಿಸುವವರೂ ಸಂಸ್ಥೆಯವರೇ, ಆದರೆ ಆ ಉಪಾಧ್ಯಾಯರ ಸಂಬಳ ಬರುವುದು ಸರ್ಕಾರದ ಖಜಾನೆಯಿಂದ. ನಮ್ಮ ಊರಿನ ಹಳೆಯ ಕನ್ನಡ ಶಾಲೆಗಳಲ್ಲಿ ಹಲವು ಈ ನಡುವಣ ಬಗೆಯವು. ಮೊದಲನೆಯ ಎರಡು ಬಗೆಗಳಲ್ಲಿ ಯಜಮಾನರು ಯಾರೆಂಬುದು ಸ್ಪಷ್ಟ. ಈ ಮೂರನೆಯದರಲ್ಲಿ ಮಾತ್ರ ಶಾಲೆ ಒಬ್ಬರದು, ಹಣ ಇನ್ನೊಬ್ಬರದು. ಎರಡು ಎತ್ತು ಕಟ್ಟಿದ ಗಾಡಿಯಂತೆ, ಎರಡೂ ಒಂದೇ ಕಡೆಗೆ ಎಳೆದರೆ ಸರಿ.

ಈ ಏರ್ಪಾಡು ಎಲ್ಲಿಂದ ಬಂತು? ನಮ್ಮ ಊರಿನಲ್ಲಿ ವಿದ್ಯೆಗಾಗಿ ಹಣ ಬಿಚ್ಚಿದವರು ಸರ್ಕಾರದವರಷ್ಟೇ ಅಲ್ಲ. ಗುರಿಕಾರ ಮರಿಮಲ್ಲಪ್ಪನವರು ಬಿಟ್ಟುಹೋದ ಹಣದಿಂದ 1876ರಲ್ಲಿ ಹುಟ್ಟಿದ ಶಾಲೆ ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ‘ತಾತಯ್ಯ’ ಎಂದು ಊರೆಲ್ಲ ಕರೆದ ಎಂ. ವೆಂಕಟಕೃಷ್ಣಯ್ಯನವರು ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. 1881ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಮಹಾರಾಣಿಯವರ ಶಾಲೆಗೂ ಅರಮನೆಯ ಆಶ್ರಯದಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರಂಥವರು ದುಡಿದರು. ಧರ್ಮಕ್ಕೆಂದು ಕೊಟ್ಟ ಹಣದಿಂದ ಶಾಲೆ ಪ್ರಾರಂಭವಾಗುತ್ತದೆ. ಆದರೆ ತಿಂಗಳು ತಿಂಗಳು ಸಂಬಳ ಕೊಡುವುದಕ್ಕೆ ಧರ್ಮದ ಹಣ ಎಷ್ಟು ದಿನ ಸಾಕು?

ಈ ಪ್ರಶ್ನೆಗೆ ಒಂದು ಉತ್ತರವನ್ನು ಇಂಗ್ಲೆಂಡಿನಲ್ಲಿ ಕುಳಿತು ಬರೆದವರು ಚಾರ್ಲ್ಸ್ ವುಡ್. ಅವರ ಹೆಸರಿನ 1854ರ ಶಿಕ್ಷಣ ಪತ್ರದಲ್ಲಿ, ಸರ್ಕಾರವೇ ಎಲ್ಲ ಶಾಲೆಗಳನ್ನೂ ತೆರೆಯಲಾರದು, ಆದುದರಿಂದ ಜನರು ತೆರೆದ ಶಾಲೆಗಳಿಗೆ ಧನಸಹಾಯ ಮಾಡತಕ್ಕದ್ದು ಎಂಬ ಸೂತ್ರವಿತ್ತು. ಸಹಾಯ ಸುಮ್ಮನೆ ಬರುವಂತಿರಲಿಲ್ಲ. ಒಳ್ಳೆಯ ಲೌಕಿಕ ಶಿಕ್ಷಣ ಇರಬೇಕು, ಸ್ಥಳೀಯರ ಆಡಳಿತ ಸರಿಯಾಗಿರಬೇಕು, ಸರ್ಕಾರದ ತನಿಖಾಧಿಕಾರಿ ಬಂದರೆ ಬಾಗಿಲು ತೆರೆಯಬೇಕು, ಎಷ್ಟೇ ಸ್ವಲ್ಪವಾಗಲಿ ಮಕ್ಕಳಿಂದ ಶುಲ್ಕ ವಸೂಲು ಮಾಡಬೇಕು. ಈ ಕೊನೆಯ ಷರತ್ತನ್ನು ಕೇಳಿದರೆ ಇಂದು ನಗು ಬರುತ್ತದೆ. ಇಂದಿನ ಕಾನೂನು ಅದಕ್ಕೆ ಪೂರ್ತಿ ವಿರುದ್ಧವಾದುದನ್ನು ಹೇಳುತ್ತದೆ. ಉಳಿದ ಮೂರು ಷರತ್ತುಗಳು ಮಾತ್ರ ಮಾತು ಬದಲಾದರೂ ಅರ್ಥ ಬದಲಾಗದೆ ಉಳಿದುಕೊಂಡಿವೆ.

ಕನ್ನಡನಾಡು ಒಂದಾಗುವ ಮೊದಲು ಧಾರವಾಡದ ಶಾಲೆಗೆ ಮುಂಬಯಿಯ ನಿಯಮ, ಮಂಗಳೂರಿನದಕ್ಕೆ ಮದರಾಸಿನ ನಿಯಮ, ಕಲಬುರಗಿಗೆ ಹೈದರಾಬಾದಿನದು, ಮಡಿಕೇರಿಗೆ ಕೊಡಗಿನದು, ನಮಗೆ ಮೈಸೂರಿನದು. 1956ರ ನವೆಂಬರ್ 1ರಂದು ನಾಡು ಒಂದಾದ ಮೇಲೆ ನಿಯಮಗಳನ್ನೂ ಒಂದು ಮಾಡಬೇಕಾಯಿತು. ಪ್ರೌಢಶಾಲೆಗಳಿಗೆ 1967ರಲ್ಲಿ ಅನುದಾನ ಸಂಹಿತೆ ಬಂತು. ಆಮೇಲೆ 1983ರ ಕರ್ನಾಟಕ ಶಿಕ್ಷಣ ಅಧಿನಿಯಮ. ಹೆಸರಿನಲ್ಲಿ 1983 ಇದ್ದರೂ ಅದು ಜಾರಿಗೆ ಬಂದುದು 1995ರಲ್ಲಿ. ಹನ್ನೆರಡು ವರ್ಷ ಕಾಗದದಲ್ಲಿ ಮಲಗಿದ್ದು ಎದ್ದ ಕಾನೂನು ಅದು.

ಸಂಹಿತೆಗೂ ಅಧಿನಿಯಮಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಅಧಿನಿಯಮವನ್ನು ಮಾಡುವುದು ವಿಧಾನಮಂಡಲ. ಸಂಹಿತೆಯನ್ನು ಬರೆಯುವುದು ಇಲಾಖೆ; ಅದು ಹಣ ಕೊಡುವವನು ತನಗೂ ಪಡೆಯುವವನಿಗೂ ಹಾಕಿಕೊಂಡ ಕಟ್ಟಳೆ. ಅಸ್ಸಾಂ ಸರ್ಕಾರದ ಒಂದು ಮೊಕದ್ದಮೆ 1965ರ ಕಾನೂನು ವರದಿಯಲ್ಲಿದೆ. ಅನುದಾನದ ನಿಯಮಗಳಿಗೆ ಕಾನೂನಿನ ಬಲವಿಲ್ಲದಿದ್ದರೆ, ಅವನ್ನು ಹಿಡಿದುಕೊಂಡು ಉಪಾಧ್ಯಾಯರೊಬ್ಬರು ಆಡಳಿತ ಮಂಡಳಿಯ ಮೇಲೆ ರಿಟ್ ಅರ್ಜಿ ಹಾಕಲಾಗದು; ಮಂಡಳಿ ನಿಯಮ ಮೀರಿದರೆ ಸರ್ಕಾರ ಹಣ ನಿಲ್ಲಿಸಬಹುದು, ಅಷ್ಟೆ ಎಂದು ಸರ್ವೋಚ್ಚ ನ್ಯಾಯಾಲಯ ಅಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ ಉಪಾಧ್ಯಾಯರ ರಕ್ಷಣೆಗೆ 1975ರಲ್ಲಿ ಪ್ರತ್ಯೇಕ ಕಾನೂನು ಆದುದರ ಬೆಲೆ ಇದರಿಂದ ತಿಳಿಯುತ್ತದೆ. ಈಗ ಶಿಕ್ಷಣ ಅಧಿನಿಯಮದಲ್ಲಿಯೇ ಆ ರಕ್ಷಣೆ ಸೇರಿದೆ. ವಿಚಾರಣೆಯಿಲ್ಲದೆ ಉಪಾಧ್ಯಾಯರನ್ನು ತೆಗೆದುಹಾಕುವಂತಿಲ್ಲ. ತೆಗೆದರೆ ಜಿಲ್ಲಾ ನ್ಯಾಯಾಧೀಶರೇ ಕುಳಿತು ಕೇಳುವ ಶೈಕ್ಷಣಿಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಮೈಸೂರಿನ ಮೇಷ್ಟರಿಗೆ ಬೆಂಗಳೂರಿನ ಬಸ್ಸು ಹತ್ತುವ ಅಗತ್ಯ ಮೊದಲ ಮೆಟ್ಟಿಲಿನಲ್ಲಿ ಇಲ್ಲ.

ಇನ್ನು ಹಣ ಕೊಡುವವರ ಅಧಿಕಾರಕ್ಕೆ ಬರೋಣ. ಸರ್ಕಾರ ಎಂದರೆ ಯಾರು? ನೀವು ಕಾಣುವುದು ಕ್ಷೇತ್ರ ಶಿಕ್ಷಣಾಧಿಕಾರಿಯವರನ್ನು, ಅವರ ಮೇಲೆ ಜಿಲ್ಲೆಯ ಉಪನಿರ್ದೇಶಕರನ್ನು. ಆದರೆ ಖಜಾನೆಯ ಬೀಗದ ಕೈ ಅವರಲ್ಲಿ ಯಾರ ಕೈಯಲ್ಲಿಯೂ ಇಲ್ಲ. ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿ ಹೊರಗೆ ಬರಬೇಕಾದರೂ ವಿಧಾನಮಂಡಲ ಅದಕ್ಕೆ ಒಪ್ಪಿರಬೇಕು ಎಂದು ಸಂವಿಧಾನದ 266ನೆಯ ಅನುಚ್ಛೇದ ಹೇಳುತ್ತದೆ. ಆದುದರಿಂದ ಯಾವ ಅಧಿಕಾರಿಯಾಗಲಿ, ಮಂತ್ರಿಯೇ ಆಗಲಿ, ಶಾಲೆಯ ವಾರ್ಷಿಕೋತ್ಸವದ ವೇದಿಕೆಯ ಮೇಲೆ ನಿಂತು, “ನಿಮ್ಮ ಶಾಲೆಗೆ ಅನುದಾನ ಕೊಟ್ಟೆವು” ಎಂದರೆ ಚಪ್ಪಾಳೆ ತಟ್ಟಿ, ತಪ್ಪಿಲ್ಲ. ಆದರೆ ಆದೇಶದ ಪ್ರತಿ ಕೈಗೆ ಬರುವವರೆಗೆ ಹೊಸ ಉಪಾಧ್ಯಾಯರಿಗೆ ಆ ಸಂಬಳದ ಆಸೆ ಹುಟ್ಟಿಸಬೇಡಿ.

ಕೊಡಲು ಅಧಿಕಾರವುಂಟು ಎಂದರೆ ಕೊಡದಿರಲೂ ಅಧಿಕಾರವುಂಟೆ? ಉಂಟು. ಅನುದಾನ ಪಡೆಯುವುದು ಯಾವ ಸಂಸ್ಥೆಯ ಮೂಲಭೂತ ಹಕ್ಕೂ ಅಲ್ಲ. ಉತ್ತರ ಪ್ರದೇಶದ ಒಂದು ಇಂಟರ್ ಕಾಲೇಜಿನ ಮೊಕದ್ದಮೆಯಲ್ಲಿ 2021ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಚ್ಚಿ ಹೇಳಿತು. ಅಲ್ಲಿ ವ್ಯಾಜ್ಯ ಬಂದುದು ಜವಾನರ ಹುದ್ದೆಗಳ ಬಗ್ಗೆ: ಅವನ್ನು ಖಾಯಂ ನೇಮಕದಿಂದ ತುಂಬಬಾರದು, ಗುತ್ತಿಗೆಯ ಮೂಲಕ ನಡೆಸಿಕೊಳ್ಳಿ ಎಂದು ಸರ್ಕಾರ ನಿಯಮ ಮಾಡಿತ್ತು. ಅನುದಾನ ನೀತಿಯ ವಿಷಯ, ಅದರ ಜೊತೆಗೆ ಷರತ್ತು ಬರುತ್ತದೆ, ಷರತ್ತು ಒಗ್ಗದಿದ್ದರೆ ಸಂಸ್ಥೆ ಅನುದಾನ ಬೇಡವೆನ್ನಬಹುದು ಎಂಬುದು ನ್ಯಾಯಾಲಯದ ಮಾತಿನ ಸಾರ. ತರ್ಕಕ್ಕೆ ಇದು ಸರಿ. ಆದರೆ ಐವತ್ತು ವರ್ಷ ಅನುದಾನದ ಮೇಲೆ ನಿಂತ ಒಂದು ಬಡಾವಣೆಯ ಕನ್ನಡ ಶಾಲೆ ಅದನ್ನು ‘ಬೇಡ’ ಎನ್ನಬಲ್ಲುದೆ? ಈಜು ಬಾರದವನಿಗೆ ದೋಣಿಯಿಂದ ಇಳಿಯುವ ಸ್ವಾತಂತ್ರ್ಯ ಕೊಟ್ಟಂತೆ ಇದು ಎಂದು ನನಗೆ ತೋರುತ್ತದೆ.

ನಮ್ಮಲ್ಲಿಯೂ ಸರ್ಕಾರ ಕಾಲಮಿತಿಯ ಗೆರೆ ಎಳೆದಿದೆ. 1987ರ ಅನಂತರ ಪ್ರಾರಂಭವಾದ ಶಾಲೆಗಳಿಗೆ ಅನುದಾನದ ಬಾಗಿಲು ಮುಚ್ಚಿತು. ಬಹಳ ಕೂಗಿನ ಮೇಲೆ, 1987ರಿಂದ 1995ರವರೆಗೆ ಹುಟ್ಟಿದ ಕನ್ನಡ ಮಾಧ್ಯಮದ ಶಾಲೆಗಳಿಗೆ ಅದನ್ನು ತೆರೆದರು. 1995ರ ಈಚಿನ ಕನ್ನಡ ಶಾಲೆಗಳು ಆ ಗೆರೆಯಾಚೆ ನಿಂತು ಕೇಳುತ್ತಲೇ ಬಂದಿವೆ. ಗೆರೆ ಎಳೆಯುವುದು ಸರ್ಕಾರದ ಅಧಿಕಾರದೊಳಗಿನದೇ. ಗೆರೆ ಎಳೆದ ಮೇಲೆ, ಗೆರೆಯೊಳಗೆ ಒಂದೇ ಸ್ಥಿತಿಯಲ್ಲಿರುವ ಎರಡು ಶಾಲೆಗಳಲ್ಲಿ ಒಂದಕ್ಕೆ ಕೊಟ್ಟು ಒಂದಕ್ಕೆ ಕಾರಣವಿಲ್ಲದೆ ಕೊಡದಿರುವುದು ಮಾತ್ರ ಅಧಿಕಾರದೊಳಗಿನದಲ್ಲ; ಸಮಾನತೆಯ 14ನೆಯ ಅನುಚ್ಛೇದ ಅಡ್ಡ ಬರುತ್ತದೆ. ಅಲ್ಪಸಂಖ್ಯಾತರು ನಡೆಸುವ ಶಾಲೆ ಎಂಬ ಕಾರಣಕ್ಕೆ ತಾರತಮ್ಯ ಮಾಡಕೂಡದೆಂದು 30ನೆಯ ಅನುಚ್ಛೇದ ಬೇರೆಯಾಗಿಯೇ ಹೇಳುತ್ತದೆ.

ಹಣ ಕೊಡುವುದರ ಜೊತೆಗೆ ಬರುವ ಅಧಿಕಾರಗಳು ಕಡಿಮೆಯೇನಲ್ಲ. ಉಪಾಧ್ಯಾಯರ ವಿದ್ಯಾರ್ಹತೆಯನ್ನು ಗೊತ್ತು ಮಾಡಬಹುದು, ನೇಮಕದಲ್ಲಿ ಮೀಸಲಾತಿಯನ್ನು ಪಾಲಿಸಿ ಎನ್ನಬಹುದು, ಲೆಕ್ಕ ಕೇಳಬಹುದು, ಹಾಜರಿ ಪುಸ್ತಕ ತೆಗೆಸಿ ನೋಡಬಹುದು, ಒಂದು ಕೆಲಸಕ್ಕೆ ಕೊಟ್ಟ ಹಣ ಇನ್ನೊಂದಕ್ಕೆ ಹೋದರೆ ವಾಪಸು ಕೇಳಬಹುದು. ಧರ್ಮ, ಜಾತಿ, ಭಾಷೆಗಳ ಕಾರಣದಿಂದ ಮಗುವನ್ನು ಸೇರಿಸಿಕೊಳ್ಳದೆ ಹಿಂದಕ್ಕೆ ಕಳುಹಿಸುವಂತಿಲ್ಲ. ತಂದೆ ತಾಯಿಯರ ಒಪ್ಪಿಗೆಯಿಲ್ಲದೆ ಮತಬೋಧನೆಗೆ ಕೂರಿಸುವಂತಿಲ್ಲ. ಇವೆರಡನ್ನು ಸಂವಿಧಾನವೇ ಅನುದಾನಿತ ಶಾಲೆಗಳಿಗೆ ಹಾಕಿದೆ.

ಬೋಧನಾ ಭಾಷೆಯ ವಿಷಯದಲ್ಲಿ ಈ ಅಧಿಕಾರದ ಅಳತೆ ಚೆನ್ನಾಗಿ ಕಂಡುಬಂತು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲಿಯೋ ಕನ್ನಡದಲ್ಲಿಯೋ ಪಾಠ ನಡೆಯಬೇಕೆಂದು ಕರ್ನಾಟಕ ಸರ್ಕಾರ 1994ರ ಏಪ್ರಿಲ್ 29ರಂದು ಆದೇಶ ಮಾಡಿತು. ಖಾಸಗಿ ಶಾಲೆಗಳವರು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಉಚ್ಚ ನ್ಯಾಯಾಲಯದ ಪೂರ್ಣಪೀಠ, ಸರ್ಕಾರ ತಾನೇ ನಡೆಸುವ ಮತ್ತು ತಾನು ಹಣ ಕೊಡುವ ಶಾಲೆಗಳನ್ನು ಬಿಟ್ಟು ಉಳಿದವಕ್ಕೆ ಆ ಆದೇಶವನ್ನು ರದ್ದುಪಡಿಸಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಸರ್ಕಾರದ ಮೇಲ್ಮನವಿಯನ್ನು ಒಪ್ಪಲಿಲ್ಲ. ಇದರ ಫಲವನ್ನು ನೋಡಿ. ಕನ್ನಡದಲ್ಲಿ ಕಲಿಸಿ ಎಂದು ಸರ್ಕಾರ ಹೇಳಬಹುದಾದ ಖಾಸಗಿ ಶಾಲೆ ಯಾವುದು? ತಾನು ಸಂಬಳ ಕೊಡುತ್ತಿರುವ ಶಾಲೆ. ಹಾಗಿದ್ದ ಮೇಲೆ ಅನುದಾನದ ಶಾಲೆಗಳು ಕಡಿಮೆಯಾದಷ್ಟೂ ಭಾಷೆಯ ಬಗ್ಗೆ ಸರ್ಕಾರದ ಮಾತು ನಡೆಯುವ ಜಾಗವೂ ಕಡಿಮೆಯಾಗುತ್ತದೆ. ಕನ್ನಡದ ಬಗ್ಗೆ ಭಾಷಣ ಮಾಡುವವರು ಈ ಲೆಕ್ಕವನ್ನು ಏಕೆ ಹೇಳುವುದಿಲ್ಲವೋ ತಿಳಿಯದು.

ಈಗ ಎಲ್ಲೆಯ ಮಾತು. 1957ರಲ್ಲಿ ಕೇರಳದ ಸರ್ಕಾರ ಒಂದು ಶಿಕ್ಷಣ ಮಸೂದೆಯನ್ನು ತಂದಿತು. ಅನುದಾನಿತ ಶಾಲೆಗಳ ಉಪಾಧ್ಯಾಯರ ನೇಮಕ, ಶುಲ್ಕ, ಕೊನೆಗೆ ಆಡಳಿತವನ್ನೇ ವಹಿಸಿಕೊಳ್ಳುವುದು, ಎಲ್ಲಕ್ಕೂ ಅದರಲ್ಲಿ ಅವಕಾಶವಿತ್ತು. ದೊಡ್ಡ ಗದ್ದಲವೆದ್ದಿತು. ರಾಷ್ಟ್ರಪತಿಗಳು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರ ಮೇ ತಿಂಗಳಲ್ಲಿ ಮುಖ್ಯ ನ್ಯಾಯಮೂರ್ತಿ ಸುಧೀರಂಜನ ದಾಸರ ಪೀಠ ಕೊಟ್ಟ ಅಭಿಪ್ರಾಯವೇ ಈ ವಿಷಯದಲ್ಲಿ ಇಂದಿಗೂ ಅಡಿಗಲ್ಲು. ಶಾಲೆ ನಡೆಸುವ ಹಕ್ಕೆಂದರೆ ಕೆಟ್ಟದಾಗಿ ನಡೆಸುವ ಹಕ್ಕಲ್ಲ. ಆದುದರಿಂದ ಹಣ ಕೊಡುವವರು ನ್ಯಾಯವಾದ ಷರತ್ತು ಹಾಕಬಹುದು. ಆದರೆ ಸಂವಿಧಾನ ಅಲ್ಪಸಂಖ್ಯಾತರಿಗೆ ಕೊಟ್ಟಿರುವ ಹಕ್ಕನ್ನು ಬಿಟ್ಟುಕೊಟ್ಟರೆ ಮಾತ್ರ ಹಣ ಎಂಬ ಷರತ್ತನ್ನು ಹಾಕಲಾಗದು. ಒಂದು ಕೈಯಲ್ಲಿ ಹಣ ಕೊಟ್ಟು ಇನ್ನೊಂದು ಕೈಯಲ್ಲಿ ಹಕ್ಕು ಕಿತ್ತುಕೊಳ್ಳುವ ಅಧಿಕಾರ ಸರ್ಕಾರಕ್ಕಿಲ್ಲ.

ಇದಾದ ಬಹುಕಾಲದ ಮೇಲೆ, ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳು ಕುಳಿತು 2002ರ ಅಕ್ಟೋಬರ್ 31ರಂದು ತೀರ್ಪು ಕೊಟ್ಟರು. ಅನುದಾನ ಪಡೆಯದ ಸಂಸ್ಥೆಗೆ ಸ್ವಾತಂತ್ರ್ಯ ಹೆಚ್ಚು, ಪಡೆದ ಸಂಸ್ಥೆಯ ಸ್ವಾತಂತ್ರ್ಯಕ್ಕೆ ಸರ್ಕಾರ ಷರತ್ತಿನ ಕಟ್ಟು ಹಾಕಬಹುದು ಎಂಬುದು ಅದರಲ್ಲಿ ನಮಗೆ ಬೇಕಾದ ಭಾಗ. ಕಟ್ಟು ಹಾಕಬಹುದು ಎಂದಮಾತ್ರಕ್ಕೆ ಶಾಲೆ ಸರ್ಕಾರದ್ದಾಗುವುದಿಲ್ಲ. ಜಾಗ, ಕಟ್ಟಡ ಸಂಸ್ಥೆಯವೇ. ಆಡಳಿತ ತೀರ ಕೆಟ್ಟಾಗ ಅದನ್ನು ವಹಿಸಿಕೊಳ್ಳುವ ಅಧಿಕಾರವನ್ನು ಶಿಕ್ಷಣ ಅಧಿನಿಯಮ ಬೇರೆಯಾಗಿ ಕೊಟ್ಟಿದೆ. ಸಂಬಳ ಕೊಡುತ್ತೇವೆ ಎಂಬ ಒಂದೇ ಕಾರಣದಿಂದ ಅಧಿಕಾರಿ ಬಂದು ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕೂರುವಂತಿಲ್ಲ. ಅನುದಾನವನ್ನು ತಡೆಹಿಡಿಯುವುದಕ್ಕೂ, ಕಡಿಮೆ ಮಾಡುವುದಕ್ಕೂ, ಪೂರ್ತಿ ಹಿಂತೆಗೆದುಕೊಳ್ಳುವುದಕ್ಕೂ ಅವಕಾಶವಿದೆ. ಆದರೆ ಮೊದಲು ತಪ್ಪೇನೆಂದು ತಿಳಿಸಿ, ಸಂಸ್ಥೆಯ ಸಮಾಧಾನವನ್ನು ಕೇಳಿ, ಕಾರಣ ಬರೆದು ಆದೇಶ ಮಾಡಬೇಕು. ಹಾಗೆ ಮಾಡದ ಆದೇಶ ಉಚ್ಚ ನ್ಯಾಯಾಲಯದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ.

ಅಮೆರಿಕದವರು ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಲ್ಲಿ 1991ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಮೊದಲು ಕಾನೂನಾದ ‘ಚಾರ್ಟರ್’ ಶಾಲೆಗಳು ನಮ್ಮ ಅನುದಾನಿತ ಶಾಲೆಗಳಿಗೆ ದೂರದ ದಾಯಾದಿಗಳು: ಹಣ ಸಾರ್ವಜನಿಕರದು, ನಡೆಸುವವರು ಬೇರೆ. ಆದರೆ ಅಲ್ಲಿ ಒಪ್ಪಂದಕ್ಕೆ ವರ್ಷಗಳ ಮಿತಿಯಿದೆ. ಮುಗಿದಾಗ ಪರಿಶೀಲಿಸಿ ನವೀಕರಿಸುತ್ತಾರೆ, ಇಲ್ಲವೆ ಮುಚ್ಚುತ್ತಾರೆ. ಕಟ್ಟಡಕ್ಕೆ ಹಣ ಒದಗಿಸಲು ಬೇರೆ ಪ್ರಾಧಿಕಾರವನ್ನು ಇಟ್ಟುಕೊಂಡ ರಾಜ್ಯಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ 1985ರಲ್ಲಿ ರಚಿತವಾದ ಶಾಲಾ ಹಣಕಾಸು ಪ್ರಾಧಿಕಾರ ಸಾಲಪತ್ರಗಳನ್ನು ಹೊರಡಿಸಿ ಇಂಥ ಶಾಲೆಗಳ ಕಟ್ಟಡಗಳಿಗೂ ಹಣ ಕೂಡಿಸುತ್ತದೆ. ನಮ್ಮಲ್ಲಿ ತಿರುವುಮುರುವು. ಕಟ್ಟಡದ ಚಿಂತೆ ಸಂಸ್ಥೆಗೆ, ಸಂಬಳದ ಚಿಂತೆ ಸರ್ಕಾರಕ್ಕೆ. ಒಪ್ಪಂದಕ್ಕೆ ಮುಕ್ತಾಯದ ದಿನವೇ ಇಲ್ಲ. ಮುಕ್ತಾಯದ ದಿನವಿಲ್ಲದ್ದು ಒಳ್ಳೆಯದೇ ಎನ್ನಿಸಬಹುದು. ಆದರೆ ಕುಳಿತು ಮಾತಾಡಿ ಲೆಕ್ಕ ನೋಡುವ ದಿನವೂ ಇದರಿಂದ ತಪ್ಪಿಹೋಗಿದೆ.

ಉಪಾಧ್ಯಾಯರ ಮನೆಗೆ ಇದರಿಂದ ಏನಾಗುತ್ತದೆಂಬುದಕ್ಕೆ ಒಂದು ಮಾತು. ಶಾಲೆ ಅನುದಾನಕ್ಕೆ ಸೇರುವ ಮೊದಲು ಹತ್ತು ವರ್ಷ ಅಲ್ಪ ಸಂಬಳಕ್ಕೆ ಪಾಠ ಹೇಳಿದವರು ಬಹಳ ಮಂದಿ ಇದ್ದಾರೆ. ಅನುದಾನ ಬಂದ ಮೇಲೆ ಆ ಹತ್ತು ವರ್ಷ ಬಡ್ತಿಗೂ ನಿವೃತ್ತಿ ವೇತನಕ್ಕೂ ಲೆಕ್ಕಕ್ಕೆ ಬರಬೇಕೆ ಬೇಡವೆ? ನ್ಯಾಯಾಲಯಗಳಲ್ಲಿ ಅವರಿಗೆ ಅನುಕೂಲವಾದ ತೀರ್ಪುಗಳು ಬಂದಿದ್ದವು. 2014ರಲ್ಲಿ ವಿಧಾನಮಂಡಲ ಒಂದು ಕಾನೂನನ್ನೇ ಮಾಡಿ ಆ ಸೇವೆಯನ್ನು ಲೆಕ್ಕದಿಂದ ಹೊರಗಿಟ್ಟಿತು. ಖಜಾನೆಯ ಮೇಲಿನ ಹೊರೆ ಕಡಿಮೆಯಾಯಿತು. ಆ ಹತ್ತು ವರ್ಷ ಮಕ್ಕಳು ಕಲಿತ ಕಾಗುಣಿತವನ್ನು ಯಾವ ಕಾನೂನೂ ಲೆಕ್ಕದಿಂದ ಹೊರಗಿಡಲಾರದು.

ಇಷ್ಟು ಹೊತ್ತು ಹೇಳಿದ್ದು ಆದೇಶಗಳ ವಿಷಯ. ಆದೇಶವೆಂದರೆ ಅದಕ್ಕೆ ಸಂಖ್ಯೆಯುಂಟು, ದಿನಾಂಕವುಂಟು, ಅದನ್ನು ಹಿಡಿದು ಪ್ರಶ್ನಿಸಬಹುದು. ಸರ್ಕಾರದ ಕೈಯಲ್ಲಿ ಇನ್ನೂ ಒಂದು ಅಧಿಕಾರವುಂಟು. ಅದಕ್ಕೆ ಸಂಖ್ಯೆಯೂ ಇಲ್ಲ, ದಿನಾಂಕವೂ ಇಲ್ಲ. ಅದು ಸುಮ್ಮನಿರುವ ಅಧಿಕಾರ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಯಾವುದೋ ಒಂದು ಮೊಹಲ್ಲಾದಲ್ಲಿ ಏಳು ಉಪಾಧ್ಯಾಯರ ಅನುದಾನಿತ ಪ್ರೌಢಶಾಲೆ ಇದೆಯೆಂದು ಎಣಿಸಿಕೊಳ್ಳಿ. ಗಣಿತದ ಮೇಷ್ಟರು ಮೇ ತಿಂಗಳಲ್ಲಿ ನಿವೃತ್ತರಾದರು. ಹಾರ ಹಾಕಿದರು, ಶಾಲು ಹೊದಿಸಿದರು. ಅವರ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುವ ಹಕ್ಕು ಮಂಡಳಿಯದೇ. ಆದರೆ ಸಂಬಳ ಸರ್ಕಾರದ್ದಾದುದರಿಂದ ಮೊದಲು ಇಲಾಖೆಯ ಅನುಮತಿ ಬೇಕು; ಇಲಾಖೆ ಅನುಮತಿ ಕೊಡಬೇಕಾದರೆ ಆರ್ಥಿಕ ಇಲಾಖೆ ಒಪ್ಪಬೇಕು. ಅರ್ಜಿ ಹೋಗುತ್ತದೆ. ಒಂದು ವರ್ಷ ಕಳೆಯುತ್ತದೆ, ಎರಡಾಗುತ್ತದೆ. ಆಗದು ಎಂದು ಯಾರೂ ಬರೆಯುವುದಿಲ್ಲ, ಆಗಲಿ ಎಂದೂ ಬರೆಯುವುದಿಲ್ಲ. ಮಂಡಳಿಯವರು ಕೈಯಿಂದ ನಾಲ್ಕು ಕಾಸು ಹಾಕಿ ಆಗತಾನೆ ಬಿ.ಎಡ್. ಮುಗಿಸಿದ ಹುಡುಗಿಯೊಬ್ಬಳನ್ನು ತಾತ್ಕಾಲಿಕವಾಗಿ ಗೊತ್ತುಮಾಡುತ್ತಾರೆ. ಒಳ್ಳೆಯ ಕೆಲಸ ಸಿಕ್ಕಿದ ಕೂಡಲೇ ಆಕೆ ಹೋಗುತ್ತಾಳೆ, ಹೋಗಬೇಡವೆನ್ನುವುದಾದರೂ ಹೇಗೆ? ಅಷ್ಟರಲ್ಲಿ ವಿಜ್ಞಾನದವರ ಸರದಿ. ಗಣಿತ ವಿಜ್ಞಾನಗಳಿಗೆ ಮೇಷ್ಟರಿಲ್ಲದ ಶಾಲೆಗೆ ನೀವು ಮಗುವನ್ನು ಕಳುಹಿಸುತ್ತೀರಾ? ಕಳುಹಿಸುವುದಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದ ಮೇಲೆ, ನಿಮ್ಮಲ್ಲಿ ಹುದ್ದೆಗಳು ಹೆಚ್ಚಾಗಿವೆ, ಸಾಕಷ್ಟು ಮಕ್ಕಳಿಲ್ಲ ಎಂಬ ನೋಟೀಸು ಬರುತ್ತದೆ. ಆ ನೋಟೀಸಿಗೆ ಮಾತ್ರ ಸಂಖ್ಯೆ, ದಿನಾಂಕ ಎಲ್ಲವೂ ಇರುತ್ತವೆ! ಅದರಲ್ಲಿ ಬರೆದಿರುವುದೂ ಸುಳ್ಳಲ್ಲ.

ಅನುದಾನ ಹಿಂತೆಗೆಯುವ ಮೊದಲು ವಿಚಾರಣೆ ನಡೆಸಬೇಕೆಂದು ಕಾನೂನು ಎಷ್ಟು ಎಚ್ಚರಿಕೆಯಿಂದ ಹೇಳಿದೆಯೋ, ಅನುಮತಿಯನ್ನು ಎಷ್ಟು ದಿನದಲ್ಲಿ ಕೊಡಬೇಕು ಅಥವಾ ನಿರಾಕರಿಸಬೇಕು ಎಂಬುದನ್ನು ಅಷ್ಟೇ ಎಚ್ಚರಿಕೆಯಿಂದ ಕಾಯುವ ಏರ್ಪಾಡು ಕಾಣುವುದಿಲ್ಲ. ಖಜಾನೆಯ ಕಷ್ಟ ನನಗೆ ತಿಳಿಯದ್ದೇನಲ್ಲ. ಒಂದು ಹುದ್ದೆ ತುಂಬಿದರೆ ಮೂವತ್ತು ವರ್ಷ ಸಂಬಳ ಕೊಡಬೇಕು, ಯೋಚಿಸಿ ಕೊಡಬೇಕಾದುದೇ. ಈ ಶಾಲೆಯಲ್ಲಿ ಮಕ್ಕಳಿಲ್ಲ, ಇದನ್ನು ಪಕ್ಕದ ಶಾಲೆಗೆ ಸೇರಿಸೋಣ ಎಂದು ಸರ್ಕಾರ ಬಾಯಿಬಿಟ್ಟು ಹೇಳಿದರೆ ಅದಕ್ಕೆ ಉತ್ತರ ಕೊಡಬಹುದು, ವಾದಿಸಬಹುದು. ಸುಮ್ಮನಿರುವವರೊಂದಿಗೆ ವಾದಿಸುವುದು ಹೇಗೆ?

ಕಾನೂನಿನಲ್ಲಿ ಹಿಡಿಯಲು ಒಂದೆರಡು ಕೊಂಬೆಗಳು ಇಲ್ಲದೆ ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ, ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ನೀವು ಕೇಳಿದ್ದೀರಿ. ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಎಂಬುದೊಂದೇ ಜನರ ಬಾಯಲ್ಲಿ ಉಳಿದಿದೆ. ಅನುದಾನಿತ ಶಾಲೆ ತಾನು ಪಡೆಯುವ ವಾರ್ಷಿಕ ನೆರವು ತನ್ನ ವಾರ್ಷಿಕ ಖರ್ಚಿನ ಎಷ್ಟು ಪಾಲೋ ಅಷ್ಟು ಪಾಲು ಮಕ್ಕಳಿಗೆ, ಕನಿಷ್ಠ ನೂರಕ್ಕೆ ಇಪ್ಪತ್ತೈದರಷ್ಟು ಮಕ್ಕಳಿಗೆ, ಉಚಿತವಾಗಿ ಕಲಿಸಬೇಕೆಂದೂ ಅದರಲ್ಲಿದೆ. ಅದಕ್ಕಿಂತ ನಮಗೆ ಬೇಕಾದುದು 26ನೆಯ ಪ್ರಕರಣ. ಸರ್ಕಾರ ನಡೆಸುವ ಶಾಲೆಯಾಗಲಿ, ಬಹುಮಟ್ಟಿಗೆ ಸರ್ಕಾರದ ಹಣದಿಂದ ನಡೆಯುವ ಶಾಲೆಯಾಗಲಿ, ಮಂಜೂರಾದ ಉಪಾಧ್ಯಾಯರ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರದಂತೆ ನೇಮಕಾತಿ ಪ್ರಾಧಿಕಾರ ನೋಡಿಕೊಳ್ಳತಕ್ಕದ್ದು ಎಂದು ಅದು ಹೇಳುತ್ತದೆ. ನಮ್ಮ ಏಳು ಹುದ್ದೆಯ ಶಾಲೆಯಲ್ಲಿ ಒಂದು ಖಾಲಿಯಾದರೂ ನೂರಕ್ಕೆ ಹದಿನಾಲ್ಕಾಯಿತು!

ಆದರೆ ಇಲ್ಲಿಯೂ ಎರಡು ತೊಡಕು. ಆ ಕಾಯಿದೆ ಎಂಟನೆಯ ತರಗತಿಗೆ ಮುಗಿಯುತ್ತದೆ. ನಮ್ಮ ಪ್ರೌಢಶಾಲೆ ಎಂಟರಿಂದ ಪ್ರಾರಂಭವಾಗುತ್ತದೆ. ಒಂದೇ ಶಾಲೆಯ ಎಂಟನೆಯ ತರಗತಿಗೆ ಹಕ್ಕಿದೆ, ಪಕ್ಕದ ಕೋಣೆಯ ಒಂಬತ್ತು ಹತ್ತ(ನೆ)ಯವುಗಳಿಗೆ ಇಲ್ಲ. ಎರಡನೆಯದಾಗಿ, ಅನುದಾನಿತ ಶಾಲೆಯಲ್ಲಿ ನೇಮಿಸುವವರು ಮಂಡಳಿಯವರು, ಅನುಮತಿ ಕೊಡುವವರು ಸರ್ಕಾರದವರು. ಏಕೆ ತುಂಬಲಿಲ್ಲ ಎಂದು ಕೇಳಿದರೆ ಇವರು ಅವರ ಕಡೆ ಬೆರಳು ತೋರಿಸುತ್ತಾರೆ, ಅವರು ಇವರ ಕಡೆ. ಉಚ್ಚ ನ್ಯಾಯಾಲಯಕ್ಕೆ ಹೋದರೆ, ಇಷ್ಟು ವಾರದೊಳಗೆ ಅರ್ಜಿಯನ್ನು ತೀರ್ಮಾನಿಸಿ ಎಂದು ಆಜ್ಞೆ ಸಿಕ್ಕಬಹುದು. ಹೀಗೆಯೇ ತೀರ್ಮಾನಿಸಿ ಎಂದು ನ್ಯಾಯಾಲಯ ಸಾಮಾನ್ಯವಾಗಿ ಹೇಳುವುದಿಲ್ಲ. ಹಣದ ನಿರ್ಧಾರ ಸರ್ಕಾರದ್ದೇ ಎಂಬ ಹಳೆಯ ಸೂತ್ರ ಅಲ್ಲಿಯೂ ಕಾದಿರುತ್ತದೆ.

ವಿಧಾನ ಪರಿಷತ್ತಿನಲ್ಲಿ ಉಪಾಧ್ಯಾಯರೇ ಆರಿಸುವ ಏಳು ಸ್ಥಾನಗಳಿವೆ. ಮೈಸೂರು ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಈ ಹುದ್ದೆಗಳ ಮಾತು ಅಲ್ಲಿ ಆಗಾಗ ಕೇಳಿಬರುವುದುಂಟು. ಆದರೆ ಅಲ್ಲಿ ಮತ ಹಾಕುವವರು ಪಾಠ ಹೇಳುವವರು. ಪಾಠ ತಪ್ಪಿಹೋದ ಮಕ್ಕಳ ತಂದೆ ತಾಯಿಗಳು ಮಾಡಬಹುದಾದುದೂ ಒಂದಿದೆ.

ಅದು ಮಾಹಿತಿ ಹಕ್ಕು. ಬಹುಮಟ್ಟಿಗೆ ಸರ್ಕಾರದ ಹಣದಿಂದ ನಡೆಯುವ ಖಾಸಗಿ ವಿದ್ಯಾಸಂಸ್ಥೆಯೂ 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಡುತ್ತದೆಂದು ಡಿ.ಎ.ವಿ. ಕಾಲೇಜು ನ್ಯಾಸದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ಹೇಳಿದೆ. ಆದುದರಿಂದ ನೀವು ಶಾಲೆಯನ್ನೂ ಕೇಳಬಹುದು, ಇಲಾಖೆಯನ್ನೂ ಕೇಳಬಹುದು. ಒಂದೇ ದಿನ ಎರಡು ಕಡೆಗೂ ಅರ್ಜಿ ಹಾಕಿ. ಶುಲ್ಕ ಹತ್ತು ಹತ್ತು ರೂಪಾಯಿ. ಏಕೆ ಹೀಗೆ ಮಾಡಿದಿರಿ ಎಂದು ಜಗಳದ ಮಾತು ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಶಾಲೆಗೆ ಮಂಜೂರಾದ ಹುದ್ದೆಗಳೆಷ್ಟು, ಖಾಲಿಯಾದುವು ಯಾವುವು ಮತ್ತು ಯಾವ ದಿನದಿಂದ, ತುಂಬಲು ಅನುಮತಿ ಕೋರಿ ಮಂಡಳಿ ಬರೆದ ಪತ್ರದ ಪ್ರತಿ, ಆ ಪತ್ರ ಇಲಾಖೆಗೆ ಮುಟ್ಟಿದ ದಿನಾಂಕ, ಕಡತ ಈಗ ಯಾವ ಕಚೇರಿಯ ಯಾವ ಶಾಖೆಯಲ್ಲಿದೆ ಎಂಬಿಷ್ಟನ್ನೇ ಕೇಳಿ. ಮಂಡಳಿ ಪತ್ರವನ್ನೇ ಬರೆದಿಲ್ಲವಾದರೆ ಅದೂ ಹೊರಗೆ ಬೀಳುತ್ತದೆ. ಬೆರಳು ತೋರಿಸುವವರಲ್ಲಿ ಎರಡು ಕಡೆಯವರೂ ಪ್ರಾಮಾಣಿಕರೆಂದು ಮೊದಲೇ ನಂಬಬೇಕಾಗಿಲ್ಲ. ಉತ್ತರಕ್ಕೆ ಮೂವತ್ತು ದಿನದ ಗಡುವಿದೆ. ಬರದಿದ್ದರೆ ಆ ಮೂವತ್ತು ದಿನ ಮುಗಿದಂದಿನಿಂದ ಮತ್ತೆ ಮೂವತ್ತು ದಿನದೊಳಗೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು. ಅರ್ಜಿ ತಲುಪಿದ್ದಕ್ಕೆ ಕೊಟ್ಟ ಸ್ವೀಕೃತಿ ಚೀಟಿಯನ್ನು ಅಲ್ಲಿಯವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.